ಬ್ಲಾಗ್ ನಂಬಿಕೊಂಡು ಕೆಲಸ ಬಿಡಬಹುದೇ?

ಪ್ರಶ್ನೆ: ಮೂರು ವರ್ಷದಿಂದ ಅಡಿಕೆ ಕೃಷಿಯ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದೇನೆ. ಸಹಕಾರ ಸಂಘವೊಂದರಲ್ಲಿ ಕೆಲಸ, 30 ಸಾವಿರ ಸಂಬಳ. ಜೂನ್‌ನಲ್ಲಿ 62 ಸಾವಿರ ವೀಕ್ಷಣೆ ಬಂದು, ಬ್ಲಾಗಿನಲ್ಲಿ ಜಾಹೀರಾತು ಹಾಕಿ ದುಡ್ಡು ಕೊಡುವ ಗೂಗಲ್‌ನ ಆಡ್‌ಸೆನ್ಸ್‌ನಲ್ಲಿ 31 ಡಾಲರ್ ಜಮೆಯಾಯಿತು. ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಕೂತರೆ ಸಂಸಾರ ನಡೆದೀತೇ?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಈಗಲೇ ಬೇಡ. ನಿಮ್ಮ ಬರವಣಿಗೆ ಸಾಲದು ಅಂತಲ್ಲ, ಲೆಕ್ಕ ಕೂಡುತ್ತಿಲ್ಲ. ಡಾಲರಿಗೆ 85 ರೂಪಾಯಿ ಹಿಡಿದರೆ ನಿಮ್ಮ ಜೂನ್ ಗಳಿಕೆ 2,635 ರೂಪಾಯಿ. ಅದೂ ತಿಂಗಳು ತಿಂಗಳು ಕೈಗೆ ಸಿಗುವುದಿಲ್ಲ. ಖಾತೆಯಲ್ಲಿ 100 ಡಾಲರ್ ತುಂಬುವವರೆಗೆ ಗೂಗಲ್ ಹಣ ಬಿಡುವುದಿಲ್ಲ. ಈ ದರದಲ್ಲಿ ಸಂಬಳದಷ್ಟು ದುಡ್ಡು ಹುಟ್ಟಬೇಕಾದರೆ ತಿಂಗಳಿಗೆ ಏಳು ಲಕ್ಷ ವೀಕ್ಷಣೆ ಬೇಕು. ಮೇಲಾಗಿ ಜೂನ್ ಎಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆರೋಗದ ಭಯಕ್ಕೆ ಬೆಳೆಗಾರರೆಲ್ಲ ಔಷಧಿ ಹೊಡೆಯುವ ವಿಚಾರ ಹುಡುಕುವ ಕಾಲ. ಫೆಬ್ರವರಿಯ ಅಂಕಿ ತೆಗೆದು ನೋಡಿ, ಆಮೇಲೆ ಮಾತಾಡೋಣ.

ಆಡ್‌ಸೆನ್ಸ್ ಒಪ್ಪುವ ಭಾಷೆಗಳಲ್ಲಿ ಕನ್ನಡವೂ ಇದೆ, ಆದರೆ ಅಲ್ಲಿ ನಡೆಯುವುದು ಹರಾಜು. ಕನ್ನಡ ಪುಟದ ಜಾಗಕ್ಕೆ ಕೂಗುವವರು ಕಡಿಮೆ, ಕೂಗುವ ಬೆಲೆಯೂ ಕಡಿಮೆ. ಭಾರತದ ಮೊದಲ ವೃತ್ತಿಪರ ಬ್ಲಾಗರ್ ಎಂದು ಹೆಸರಾದ ಅಮಿತ್ ಅಗರ್ವಾಲ್ 2004ರಲ್ಲಿ ನೌಕರಿ ಬಿಟ್ಟು ಆಗ್ರಾದಲ್ಲಿ ಕೂತು ಬರೆದು ಗೆದ್ದರು, ನಿಜ. ಅವರು ಬರೆದದ್ದು ತಂತ್ರಜ್ಞಾನದ ಬಗ್ಗೆ, ಇಂಗ್ಲಿಷಿನಲ್ಲಿ, ಹೊರದೇಶದವರೂ ಓದುವಂತೆ. ಅವರ ದಾರಿಯನ್ನು ಹಾಗೇ ಹಿಡಿದ ಕನ್ನಡದವರು ಜಾಹೀರಾತಿನ ಚಿಲ್ಲರೆ ಎಣಿಸುತ್ತಾ ಕೂತಿರುವುದನ್ನು ಬೇಕಾದಷ್ಟು ಕಂಡಿದ್ದೇನೆ.

ನಿಮ್ಮ ದುಡ್ಡು ಇರುವುದು ಗೂಗಲ್ ಹತ್ತಿರ ಅಲ್ಲ, ಸಾಗರದ ಪೇಟೆಯಲ್ಲಿ. ಕೆಳಗೆ ನಿಂತೇ ಕೊನೆ ಕೊಯ್ಯುವ ಉದ್ದದ ಫೈಬರ್ ದೋಟಿ ಮಾರುವವರು, ಅಡಿಕೆ ಸುಲಿಯುವ ಯಂತ್ರದವರು, ನರ್ಸರಿಯವರು, ಡ್ರಿಪ್ ಪೈಪಿನ ಡೀಲರುಗಳು, ಇವರಿಗೆಲ್ಲ ಬೇಕಾದ ಗಿರಾಕಿ ನಿಮ್ಮ ಓದುಗನೇ. ಬೀದರ್‌ನಲ್ಲಿ ಕೂತು ಓದುವವನಿಂದ ಅವರಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಹಾಗಾಗಿ ಒಟ್ಟು ವೀಕ್ಷಣೆ ಹೇಳಬೇಡಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯಿಂದ ಎಷ್ಟು ಜನ ಬರುತ್ತಾರೆ ಎಂಬ ವರದಿ ಓದುಗರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಸಿಗುತ್ತದೆ, ಅದನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದುಕೊಂಡು ಅಂಗಡಿಗೇ ಹೋಗಿ. ಕ್ಲಿಕ್ಕಿಗೆ ಇಷ್ಟು ಅಂತ ಚೌಕಾಶಿಗೆ ಇಳಿಯಬೇಡಿ. ತಿಂಗಳಿಗೆ ಎರಡು ಸಾವಿರ, ಮೇ ತಿಂಗಳಿಂದ ಆಗಸ್ಟ್‌ವರೆಗೆ ಮೂರು ಸಾವಿರ, ಅರ್ಧ ಮುಂಗಡ ಎಂದು ನೇರ ಹೇಳಿ. ಐದು ಅಂಗಡಿ ಒಪ್ಪಿದರೆ ಹತ್ತು ಸಾವಿರವಾಯಿತು. ಫೋನ್ ನಂಬರ್ ಹಾಕಿ, ‘ಬ್ಲಾಗ್ ನೋಡಿ ಬಂದೆ’ ಅಂದವರನ್ನು ಬರೆದಿಡಲು ಅಂಗಡಿಯವರಿಗೇ ಹೇಳಿ. ಮುಂದಿನ ವರ್ಷ ದರ ಏರಿಸಲು ಆ ಪಟ್ಟಿಯೇ ಸಾಕ್ಷಿ. ಒಂದು ಎಚ್ಚರ: ಕೀಟನಾಶಕ ಕಂಪನಿಯ ದುಡ್ಡು ಪಡೆದು ಅದೇ ಔಷಧಿಯನ್ನು ಲೇಖನದೊಳಗೆ ಶಿಫಾರಸು ಮಾಡಲು ಹೋಗಬೇಡಿ. ಒಬ್ಬರ ತೋಟ ಕೆಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ.

ಬರೆಯುವುದರಲ್ಲೂ ಸ್ವಲ್ಪ ಬದಲಾವಣೆ ಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಬೋರ್ಡೋ ದ್ರಾವಣದ (ಕೊಳೆರೋಗಕ್ಕೆ ಹೊಡೆಯುವ ಔಷಧಿ) ಲೆಕ್ಕವನ್ನು ಈಗ ಎಐ ಉತ್ತರವೇ ಹೇಳಿಬಿಡುತ್ತದೆ, ಓದುಗ ನಿಮ್ಮ ಪುಟದವರೆಗೆ ಬರಬೇಕಾಗಿಯೇ ಇಲ್ಲ. ಸುಣ್ಣ ಹಳತಾಗಿದ್ದರೆ ಏನು ಮಾಡಬೇಕು, ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನೆಷ್ಟು ಸುಣ್ಣ ಸೇರಿಸಬೇಕು, ಎರಡನೇ ಸಲ ಹೊಡೆಯುವ ಹೊತ್ತಿಗೆ ಮಳೆ ಬಿಡದಿದ್ದರೆ ನಿಮ್ಮೂರಲ್ಲಿ ಏನು ಮಾಡಿದರು, ಇದನ್ನು ಫೋಟೋ ಸಮೇತ ಬರೆಯಿರಿ. ಆ ಪುಟ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಾನಾಗಿ ಓಡಾಡುತ್ತದೆ.

ಹೊರಗಿನ ಆದಾಯಕ್ಕೆ ಸಂಘದ ಸೇವಾ ನಿಯಮ ಅವಕಾಶ ಕೊಡುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಸಂಘಕ್ಕೆ ಸರಕು ಕೊಡುವ ಅಂಗಡಿಯ ಜಾಹೀರಾತು ತೆಗೆದುಕೊಂಡರೆ ನಾಳೆ ಮಾತು ಬರುತ್ತದೆ. ಬಂದ ಹಣವನ್ನೆಲ್ಲ ರಿಟರ್ನ್ಸ್‌ನಲ್ಲಿ ತೋರಿಸಿ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಬೇಸಿಗೆಯೂ ಸೇರಿ ಒಂದಿಡೀ ವರ್ಷದ ಸರಾಸರಿ ಸಂಬಳದ ಮುಕ್ಕಾಲಾದರೂ ಆಯಿತೆಂದರೆ ರಾಜೀನಾಮೆಯ ಮಾತೆತ್ತಿ.

ಪ್ರಶ್ನೆ: ಅಡುಗೆ ಬ್ಲಾಗ್ ನಡೆಸುತ್ತೇನೆ. ಕಂಪನಿಯೊಂದು 24 ಸಾವಿರದ ಮಿಕ್ಸರ್ ಕಳಿಸಿ ‘ನಿಮ್ಮ ಅಭಿಪ್ರಾಯ ಬರೆಯಿರಿ, ಮಿಕ್ಸರ್ ನೀವೇ ಇಟ್ಟುಕೊಳ್ಳಿ’ ಎಂದಿದೆ. ದುಡ್ಡು ಪಡೆದಿಲ್ಲವಲ್ಲ, ಓದುಗರಿಗೆ ಹೇಳಲೇಬೇಕೇ?
— ಹುಬ್ಬಳ್ಳಿಯ ಗೃಹಿಣಿ

ಉತ್ತರ: ಹೇಳಲೇಬೇಕು, ಅಮ್ಮ. ಮಿಕ್ಸರ್ ಕೂಡ ದುಡ್ಡೇ. ಪುಕ್ಕಟೆ ವಸ್ತು ಪಡೆದು ಬರೆದದ್ದನ್ನೂ ಪ್ರಚಾರ ಎಂದು ಎದ್ದುಕಾಣುವಂತೆ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಲೇಖನದ ತಲೆಯಲ್ಲೇ ‘ಈ ಮಿಕ್ಸರನ್ನು ಕಂಪನಿ ಉಚಿತವಾಗಿ ಕೊಟ್ಟಿದೆ’ ಎಂದು ಕನ್ನಡದಲ್ಲಿ ಬರೆಯಿರಿ, ಕೊನೆಯ ಸಾಲಿನಲ್ಲಿ ಬಚ್ಚಿಡಬೇಡಿ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಲು ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಇನ್ನೊಂದು ವಿಷಯ: ವರ್ಷಕ್ಕೆ 20 ಸಾವಿರ ಮೀರಿದ ಇಂಥ ಉಡುಗೊರೆಗೆ ಶೇಕಡ 10 ಟಿಡಿಎಸ್ (ಕೊಡುವವರೇ ಮೊದಲು ಕಟ್ಟುವ ಆದಾಯ ತೆರಿಗೆ) ಬೀಳುವ ನಿಯಮ 2022ರ ಜುಲೈ 1ರಿಂದ ಇದೆ. ಕಂಪನಿ ನಿಮ್ಮ ಪ್ಯಾನ್ ಕೇಳಿದರೆ ಗಾಬರಿಯಾಗಬೇಡಿ. ಬರೆದು ಮುಗಿಸಿ ಮಿಕ್ಸರ್ ವಾಪಸ್ ಕಳಿಸಿದರೆ ಆ ತೆರಿಗೆಯ ಪ್ರಶ್ನೆ ಏಳುವುದಿಲ್ಲ. ಚಟ್ನಿ ನುಣ್ಣಗಾಗದಿದ್ದರೆ ಅದನ್ನೂ ಬರೆಯುತ್ತೇನೆ ಎಂದು ಕಂಪನಿಗೆ ಈಗಲೇ ಇಮೇಲ್ ಮಾಡಿ. ಒಪ್ಪದಿದ್ದರೆ ಮಿಕ್ಸರ್ ಅವರಿಗೇ ಇರಲಿ.

ಪ್ರಶ್ನೆ: ಬೇಂದ್ರೆಯವರ ಪದ್ಯಗಳನ್ನು ಪೂರ್ತಿ ಹಾಕಿ, ಕೆಳಗೆ ಅರ್ಥ ಬರೆದು ಜಾಹೀರಾತಿನಿಂದ ಗಳಿಸಬಹುದೇ?
— ಗದಗದ ವಿದ್ಯಾರ್ಥಿ

ಉತ್ತರ: ಅನುಮತಿ ಇಲ್ಲದೆ ಪೂರ್ತಿ ಪದ್ಯ ಹಾಕುವಂತಿಲ್ಲ. ನಮ್ಮಲ್ಲಿ ಕೃತಿಸ್ವಾಮ್ಯ ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಲ್ಲಿಗೆ 2041ರ ಕೊನೆಯವರೆಗೆ ಹಕ್ಕು ವಾರಸುದಾರರದ್ದು. ವಿಮರ್ಶೆಗೆ ಬೇಕಾದ ಒಂದೆರಡು ಸಾಲು ಹೆಸರು ಸಮೇತ ಎತ್ತಿಕೊಳ್ಳಬಹುದು. ವಚನ, ದಾಸರ ಪದಗಳ ಮೂಲಕ್ಕೆ ಈ ತಕರಾರಿಲ್ಲ. ಆದರೆ ಈಚಿನವರು ಬರೆದ ಟಿಪ್ಪಣಿಯನ್ನು ನಕಲು ಮಾಡಬೇಡಿ.

ಪ್ರಶ್ನೆ: ವಿಳಾಸ ಖಚಿತಪಡಿಸಿಕೊಳ್ಳಲು ಗೂಗಲ್ ಕಳಿಸುವ ಆಡ್‌ಸೆನ್ಸ್ ಪಿನ್ ಎರಡು ಸಲ ತರಿಸಿದರೂ ಕೈಸೇರಿಲ್ಲ. ನಮ್ಮದು ಒಂಟಿ ಮನೆ.
— ಸುಳ್ಯ ಕಡೆಯ ಯುವಕ

ಉತ್ತರ: ಗಳಿಕೆ 10 ಡಾಲರ್ ಮುಟ್ಟಿದಾಗ ಕಳಿಸುವ ಆ ಪಿನ್ ಬರುವುದು ಸಾದಾ ಅಂಚೆಯಲ್ಲಿ. ಹಳ್ಳಿಯ ಕಡೆ ಮನೆ ನಂಬರ್ ನೋಡಿ ಯಾರೂ ಕಾಗದ ತರುವುದಿಲ್ಲ. ವಿಳಾಸದಲ್ಲಿ ತಂದೆಯವರ ಹೆಸರು, ಮನೆತನದ ಹೆಸರು, ಅಂಚೆ ಕಚೇರಿ, ಪಿನ್‌ಕೋಡ್ ಹಾಕಿ ಮೂರನೆಯ ಸಲ ತರಿಸಿ, ಪೋಸ್ಟ್‌ಮ್ಯಾನ್ ಅವರಿಗೂ ಒಂದು ಮಾತು ಹೇಳಿಡಿ. ಅದೂ ಬರದಿದ್ದರೆ ಗುರುತಿನ ಚೀಟಿ ಅಪ್‌ಲೋಡ್ ಮಾಡುವ ದಾರಿ ಇದೆ. ಚೀಟಿಯಲ್ಲಿರುವ ಹೆಸರು, ವಿಳಾಸ ಖಾತೆಯಲ್ಲಿರುವಂತೆಯೇ ಇರಬೇಕು. ನಾಲ್ಕು ತಿಂಗಳೊಳಗೆ ಮುಗಿಸಿಕೊಳ್ಳಿ, ತಡವಾದರೆ ಜಾಹೀರಾತು ಬರುವುದೇ ನಿಲ್ಲುತ್ತದೆ.