ಚಿತ್ರಪುಸ್ತಕದ ವಿಮರ್ಶೆಯಲ್ಲಿ ಚಿತ್ರದ ಬಗ್ಗೆ ಏನು ಬರೆಯಬೇಕು?

ಮಕ್ಕಳ ಚಿತ್ರಪುಸ್ತಕ, ಕಾಮಿಕ್ಸ್‌ಗಳ ವಿಮರ್ಶೆ ಬರೆಯಲು ಕೂತರೆ ಕಥೆ ಹೇಳಿ, ಕೊನೆಗೆ ‘ಚಿತ್ರಗಳೂ ಸುಂದರವಾಗಿವೆ’ ಎಂದು ಸೇರಿಸುವುದಷ್ಟೇ ಆಗುತ್ತಿದೆ, ಮುಂದೇನು ಬರೆಯಬೇಕು ಎಂದು ಕೇಳಿದ್ದೀರಿ. ಆ ಕೊನೆಯ ಸಾಲನ್ನು ಮೊದಲು ಕೈಬಿಡಿ. ಮಾತು ಹೇಳದ ಏನನ್ನು ಚಿತ್ರ ಹೇಳುತ್ತಿದೆ ಅಂತ ಹುಡುಕಿ. ನಾನು ಶುರು ಮಾಡುವುದು ಯಾವಾಗಲೂ ಅಲ್ಲಿಂದಲೇ.

ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’ (1968) ನೋಡಿ. ಮಾತಿನಲ್ಲಿರುವುದು ಇಷ್ಟೇ: ರೋಸಿ ಎಂಬ ಕೋಳಿ ಅಂಗಳ ದಾಟಿ, ಕೊಳ ಸುತ್ತಿ, ಊಟದ ಹೊತ್ತಿಗೆ ಮನೆಗೆ ಬರುತ್ತದೆ. ಚಿತ್ರದಲ್ಲಿ ಮಾತ್ರ ಅದರ ಬೆನ್ನಿಗೇ ಒಂದು ನರಿ. ಹಾರಲು ಹೋಗುತ್ತದೆ, ಪೆಟ್ಟು ತಿನ್ನುತ್ತದೆ, ಮತ್ತೆ ಬರುತ್ತದೆ. ಇಡೀ ಪುಸ್ತಕದ ಮಾತಿನಲ್ಲಿ ನರಿಯ ಸುದ್ದಿಯೇ ಇಲ್ಲ! ಓದಿ ಹೇಳುವ ಅಮ್ಮನ ಬಾಯಲ್ಲಿ ಬಾರದ ಕಥೆ, ಇನ್ನೂ ಅಕ್ಷರ ಬಾರದ ಮಗುವಿಗೆ ಕಾಣುತ್ತದೆ. ಇದನ್ನು ಬಿಟ್ಟು ಬರೆದರೆ ಆ ಪುಸ್ತಕದ ಬಗ್ಗೆ ಏನೂ ಬರೆದ ಹಾಗಾಗುವುದಿಲ್ಲ, ಅಲ್ವಾ?

ಚಿತ್ರದ ಅಳತೆಯನ್ನೂ ಗಮನಿಸಿ. ಮಾರಿಸ್ ಸೆಂಡಾಕ್ ಅವರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ (1963) ಶುರುವಾಗುವಾಗ ಚಿತ್ರಗಳು ಚಿಕ್ಕವು, ಸುತ್ತ ಬಿಳಿ ಜಾಗ. ಕಥೆಯ ಹುಡುಗ ಕಲ್ಪನೆಯಲ್ಲೇ ಮೃಗಗಳ ನಾಡಿಗೆ ಹೋಗುತ್ತಾನೆ; ಅವನ ಕಲ್ಪನೆ ಬೆಳೆದಂತೆ ಚಿತ್ರವೂ ಬೆಳೆಯುತ್ತದೆ. ಮೃಗಗಳ ಜೊತೆ ಕುಣಿಯುವಾಗ ಎರಡೂ ಪುಟ ತುಂಬಿ, ಮಾತೇ ನಿಂತುಹೋಗುತ್ತದೆ. ಕೊನೆಯ ಪುಟದಲ್ಲಿ ಚಿತ್ರವೇ ಇಲ್ಲ, ಬರೀ ಒಂದು ಸಾಲು.

ಗ್ರಾಫಿಕ್ ಕಾದಂಬರಿಗೆ, ಅಂದರೆ ಕಾಮಿಕ್ಸ್‌ನಂತೆ ಚಿತ್ರಗಳಲ್ಲೇ ಹೇಳುವ ದೊಡ್ಡ ಕಥೆಗೆ, ನನಗೆ ತುಂಬ ಇಷ್ಟವಾದ ಉದಾಹರಣೆ ಅಂಬೇಡ್ಕರ್ ಬದುಕಿನ ‘ಭೀಮಾಯಣ’ (2011). ಚಿತ್ರ ಬರೆದವರು ಪರಧಾನ್ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಕಾಮಿಕ್ಸ್ ಅಂದರೆ ಚೌಕಗಳು ಎಂಬ ಅಭ್ಯಾಸವನ್ನು ಅವರು ಒಪ್ಪಲಿಲ್ಲ. ಜನರನ್ನು ಡಬ್ಬಿಯೊಳಗೆ ತುರುಕದೆ ಪುಟವನ್ನು ತೆರೆದೇ ಇಟ್ಟರು. ಪಾತ್ರಗಳ ಮಾತು ಬರೆಯುವ ಗುಳ್ಳೆಗಳನ್ನು ನೋಡಿ: ಮೃದುವಾದ ಮಾತು ಹಕ್ಕಿಯ ಆಕಾರದ ಗುಳ್ಳೆಯಲ್ಲಿ ಬರುತ್ತದೆ. ಜಾತಿಯ ವಿಷ ಕಕ್ಕುವ ಮಾತಿನ ಗುಳ್ಳೆಗೆ ಚೇಳಿನ ಬಾಲ. ಯಾರ ಮಾತು ಕುಟುಕುತ್ತದೆ ಅಂತ ಓದುವ ಮುಂಚೆಯೇ ಕಣ್ಣಿಗೆ ತಿಳಿಯುತ್ತದೆ. ಇಂಥ ಒಂದೇ ಪುಟದ ಮೇಲೆ ಎರಡು ಪ್ಯಾರಾ ಬರೆಯಿರಿ. ಇಡೀ ಕಥೆಯ ಸಾರಾಂಶಕ್ಕಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹಾಗಾಗಿ ಮೊದಲ ಸಲ ಮಾತು ಓದದೆ ಸುಮ್ನೆ ಚಿತ್ರ ನೋಡುತ್ತಾ ಪುಟ ತಿರುಗಿಸಿ. ಆಮೇಲೆ ಜೋರಾಗಿ ಓದಿ. ‘ಹುಡುಗಿ ಮರದ ಕೆಳಗೆ ಕೂತಳು’ ಎಂಬ ಮಾತಿಗೆ ಮರ, ಹುಡುಗಿ ಎರಡೇ ಬರೆದು ಕೈತೊಳೆದುಕೊಂಡಿದ್ದರೆ ಅದನ್ನೂ ನೇರವಾಗಿ ಹೇಳಿ. ಮಕ್ಕಳ ಪುಸ್ತಕ ಅಂತ ರಿಯಾಯಿತಿ ಕೊಡಬೇಡಿ, ಮಕ್ಕಳಿಗೆ ಒಳ್ಳೆಯದೇ ಸಿಗಬೇಕು. ಕನ್ನಡ ಪುಸ್ತಕವಾದರೆ ಅಕ್ಷರದ ಗಾತ್ರ, ಸಾಲುಗಳ ನಡುವಿನ ಜಾಗ ನೋಡಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವಂತಿದ್ದರೆ ಹೊಸದಾಗಿ ಓದುವ ಮಗು ತಡವರಿಸುತ್ತದೆ. ಇನ್ನೊಂದು ಮಾತು: ಲೇಖಕರ ಹೆಸರಿನ ಪಕ್ಕದಲ್ಲೇ ಚಿತ್ರಕಾರರ ಹೆಸರೂ ಇರಲಿ. ಅದನ್ನು ಬಿಟ್ಟ ವಿಮರ್ಶೆಗಳನ್ನು ಕಂಡಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಅಭ್ಯಾಸಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಯಾವುದಾದರೂ ಒಂದನ್ನು ತೆಗೆದು, ಅದರ ಒಂದೇ ಪುಟದ ಬಗ್ಗೆ ಬರೆಯಲು ಶುರು ಮಾಡಿ.