ವಿಚ್ಛೇದನದ ಅರ್ಜಿ ಮತ್ತು ಊರಿನ ರಾಜಿ

ಪ್ರಶ್ನೆ: ಚೀನಾದ 1950ರ ವಿವಾಹ ಕಾನೂನು ಹೆಂಗಸರನ್ನು ಬಿಡುಗಡೆ ಮಾಡಿತು ಎನ್ನುವವರಿದ್ದಾರೆ, ಅದು ಬರೀ ಕಮ್ಯುನಿಸ್ಟ್ ಪಕ್ಷದ ಪ್ರಚಾರ ಎನ್ನುವವರೂ ಇದ್ದಾರೆ. ಯಾವುದನ್ನು ನಂಬಬೇಕು?
– ಓದುಗರು, ಧಾರವಾಡ

ಉತ್ತರ: ಬರೀ ಪ್ರಚಾರವಾಗಿದ್ದರೆ ಊರೂರಿನಲ್ಲಿ ಅಷ್ಟು ವಿರೋಧ ಏಳುತ್ತಿರಲಿಲ್ಲ. 1950ರ ಮೇ 1ರಂದು ಜಾರಿಗೆ ಬಂದ ಆ ಕಾನೂನು ಬಹುಪತ್ನಿತ್ವವನ್ನು, ಎಳವೆಯಲ್ಲೇ ಹೆಣ್ಣನ್ನು ಗೊತ್ತುಮಾಡುವುದನ್ನು, ಮದುವೆಯ ನೆಪದಲ್ಲಿ ಹಣ ಕೀಳುವುದನ್ನು ನಿಷೇಧಿಸಿತು. ವಿಧವೆಯ ಮರುಮದುವೆಗೆ ಯಾರೂ ಅಡ್ಡಬರುವಂತಿರಲಿಲ್ಲ. ಹೆಂಡತಿ ಬಸುರಿಯಾಗಿರುವಾಗ ಗಂಡ ವಿಚ್ಛೇದನ ಕೇಳುವಂತಿರಲಿಲ್ಲ, ಹೆಂಡತಿ ಕೇಳಬಹುದಿತ್ತು.

ಜನ ಇದನ್ನು 'ವಿಚ್ಛೇದನದ ಕಾನೂನು' ಎಂದೇ ಕರೆದರು. ಅವರ ಭಯಕ್ಕೆ ಕಾರಣವಿತ್ತು. ಸೊಸೆ ಹೊರಟರೆ ತೆರ ಕೊಟ್ಟ ಹಣ ಹೋಯಿತು. ಅದೇ ವರ್ಷದ ಭೂಸುಧಾರಣೆಯಲ್ಲಿ ಅವಳ ತಲೆಯ ಲೆಕ್ಕಕ್ಕೂ ಜಮೀನು ಬಂದಿತ್ತು, ಅದೂ ಹೋದೀತು ಎಂಬ ಆತಂಕ ಬೇರೆ. ಹೀಗೆ ಕಂಗಾಲಾದ ಬಡ ರೈತನೇ ಕ್ರಾಂತಿಗೆ ಹೆಗಲು ಕೊಟ್ಟವನು, ಕಾನೂನನ್ನು ಜಾರಿ ಮಾಡಬೇಕಾದ ಹಳ್ಳಿಯ ಪಕ್ಷದ ಕಾರ್ಯಕರ್ತರು ಅವನ ನೆಂಟರೋ ನೆರೆಯವರೋ ಆಗಿದ್ದರು. ಒಬ್ಬರೇ ವಿಚ್ಛೇದನ ಕೇಳಿದರೆ ಮೊದಲು ರಾಜಿಗೆ ಕೂರಬೇಕು ಎಂದು 17ನೇ ಕಲಮು ಹೇಳುತ್ತಿತ್ತು. ಎಷ್ಟೋ ಅರ್ಜಿಗಳು ಅಲ್ಲೇ ಉಳಿದುಹೋದವು. ಬಿಡುಗಡೆ ಕೇಳಿದ ತಪ್ಪಿಗೆ ಹೆಂಗಸರು ಕೊಲೆಯಾದರು, ತಾವೇ ಜೀವ ಕಳೆದುಕೊಂಡರು. ಸರ್ಕಾರ ಇದನ್ನು ಒಪ್ಪಿಕೊಂಡು 1953ರ ಮಾರ್ಚ್ ತಿಂಗಳಿಡೀ ಕಾನೂನಿನ ಪ್ರಚಾರ ನಡೆಸಿತು. ಆಮೇಲೆ ಆ ಕಾವು ಆರಿತು.

ಹೆಣ್ಣಿನ ಮಾತು ಕೇಳುವ ಮನಸ್ಸಿದ್ದಾಗ ಏನಾಗುತ್ತಿತ್ತು ಎಂಬುದಕ್ಕೆ ಇನ್ನೂ ಹಿಂದಿನ ಒಂದು ಮೊಕದ್ದಮೆ ನೋಡಿ. 1943, ಆಗಲೇ ಕಮ್ಯುನಿಸ್ಟರ ಆಡಳಿತದಲ್ಲಿದ್ದ ಗಾನ್ಸು ಪ್ರಾಂತ್ಯದ ಹುವಾಚಿ. ಫೆಂಗ್ ಪೆಂಗ್‌ಅರ್ ಎಂಬ ಹುಡುಗಿಯನ್ನು ಬಾಲ್ಯದಲ್ಲೇ ಝಾಂಗ್ ಬಾಯ್‌ಗೆ ಗೊತ್ತುಮಾಡಲಾಗಿತ್ತು. ಹೆಚ್ಚು ತೆರದ ಆಸೆಗೆ ತಂದೆ ಮಾತು ಮುರಿದ. ಝಾಂಗ್ ಮನೆಯವರು ರಾತ್ರೋರಾತ್ರಿ ಅವಳನ್ನು ಹೊತ್ತೊಯ್ದು ಮದುವೆ ಮಾಡಿಸಿದರು. ಕೆಳಗಿನ ನ್ಯಾಯಾಲಯ ಮದುವೆಯನ್ನೇ ರದ್ದು ಮಾಡಿತು. ಮೇಲ್ಮನವಿ ಕೇಳಿದ ನ್ಯಾಯಾಧೀಶ ಮಾ ಶೀವು ಊರಿಗೇ ಬಂದು ನೆರೆಹೊರೆಯವರನ್ನು ವಿಚಾರಿಸಿದರು, ಹುಡುಗಿಯನ್ನೂ ಕೇಳಿದರು. ಅವಳಿಗೆ ಝಾಂಗ್ ಬಾಯ್‌ನೇ ಬೇಕಾಗಿತ್ತು. ಮದುವೆ ಉಳಿಯಿತು; ಹೊತ್ತೊಯ್ದವರಿಗೂ ಮಗಳನ್ನು ಮಾರಹೊರಟ ತಂದೆಗೂ ಶಿಕ್ಷೆಯಾಯಿತು. ಅಷ್ಟು ಜನ ಗಂಡಸರ ಲೆಕ್ಕಾಚಾರದ ನಡುವೆ ಅವಳ ಇಷ್ಟವೇನೆಂದು ಕೇಳಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಪಕ್ಷಕ್ಕೆ ಬೇಕಾದ ಕಡೆ ಆ ಇಷ್ಟಕ್ಕೂ ಬೇಲಿ ಬಿತ್ತು: ಮನೆಯೊಂದಿಗೆ ಪತ್ರವ್ಯವಹಾರವಿರುವ ಸೈನಿಕನ ಹೆಂಡತಿ ಅವನ ಒಪ್ಪಿಗೆಯಿಲ್ಲದೆ ವಿಚ್ಛೇದನ ಪಡೆಯುವಂತಿರಲಿಲ್ಲ. ಇಂದು ವಿವಾಹ ಕಾನೂನಿನ ಜಾಗದಲ್ಲಿ 2021ರಿಂದ ನಾಗರಿಕ ಸಂಹಿತೆ ಇದೆ. ಗಂಡ ಹೆಂಡತಿ ಇಬ್ಬರೂ ಒಪ್ಪಿ ಅರ್ಜಿ ಕೊಟ್ಟರೂ 30 ದಿನ ಕಾಯಬೇಕು. ಅಷ್ಟರೊಳಗೆ ಗಂಡ ಮನಸ್ಸು ಬದಲಿಸಿದರೆ ಅರ್ಜಿ ಬಿದ್ದುಹೋಗುತ್ತದೆ, ಹೆಂಡತಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಅಲ್ಲಿಯೂ ಮೊದಲು ನಡೆಯುವುದು ರಾಜಿಯ ಪ್ರಯತ್ನವೇ.