ಅಂತರರಾಷ್ಟ್ರೀಯ ಸಂಬಂಧ ಓದುವವರು ಅಮೆರಿಕದ ಒಳರಾಜಕೀಯವನ್ನು ಯಾಕೆ ಓದಬೇಕು?

ಯಾಕೆಂದರೆ ಅಮೆರಿಕದ ಅಧ್ಯಕ್ಷರು ಹೊರದೇಶಕ್ಕೆ ಕೊಟ್ಟ ಮಾತು ಉಳಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಒಳಗಿನ ಲೆಕ್ಕಾಚಾರದಲ್ಲೇ ತೀರ್ಮಾನವಾಗುತ್ತದೆ.

ಅಲ್ಲಿನ ಸಂವಿಧಾನದ ಪ್ರಕಾರ ಅಧ್ಯಕ್ಷರು ಮಾಡಿಕೊಂಡ ವಿಧಿವತ್ತಾದ ಒಪ್ಪಂದಕ್ಕೆ ಸೆನೆಟ್‌ನಲ್ಲಿ, ಅಂದರೆ ಮೇಲ್ಮನೆಯಲ್ಲಿ, ಹಾಜರಿದ್ದವರ ಮೂರನೇ ಎರಡರಷ್ಟು ಮತ ಬೇಕು. ಸುಮಾರು 4 ಕೋಟಿ ಜನರಿರುವ ಕ್ಯಾಲಿಫೋರ್ನಿಯಕ್ಕೂ 6 ಲಕ್ಷದ ಆಸುಪಾಸಿನ ವಯೋಮಿಂಗ್‌ಗೂ ಅಲ್ಲಿ ತಲಾ ಎರಡೇ ಸ್ಥಾನ. ಹಾಗಾಗಿ ಜನಸಂಖ್ಯೆಯಲ್ಲಿ ಪುಟ್ಟದಾದ ರಾಜ್ಯವೊಂದರ ಕಲ್ಲಿದ್ದಲು ಗಣಿಯ ಚಿಂತೆಯೂ ಜಗತ್ತಿನ ಹವಾಮಾನ ಮಾತುಕತೆಗೆ ಅಡ್ಡ ಬರಬಲ್ಲದು. ಮೊದಲ ಮಹಾಯುದ್ಧದ ನಂತರ ಶಾಂತಿ ಕಾಪಾಡಲು ಹುಟ್ಟಿದ ರಾಷ್ಟ್ರಗಳ ಕೂಟ ಲೀಗ್ ಆಫ್ ನೇಷನ್ಸ್‌ಗಾಗಿ ಓಡಾಡಿದವರು ಸ್ವತಃ ಅಧ್ಯಕ್ಷ ವುಡ್ರೋ ವಿಲ್ಸನ್. ಆದರೆ 1919ರಲ್ಲಿ, ಮತ್ತೆ 1920ರಲ್ಲಿ ಸೆನೆಟ್, ಈ ಲೀಗ್‌ನ ನಿಯಮಗಳನ್ನೂ ಒಳಗೊಂಡಿದ್ದ ವರ್ಸೇಲ್ಸ್ ಶಾಂತಿ ಒಪ್ಪಂದವನ್ನು ತಿರಸ್ಕರಿಸಿತು, ಅಮೆರಿಕ ಲೀಗ್‌ಗೆ ಸೇರಲೇ ಇಲ್ಲ.

ಈ ಗೋಜೇ ಬೇಡವೆಂದು ಅಧ್ಯಕ್ಷರು ಈಗ ಹೆಚ್ಚಾಗಿ ಸೆನೆಟ್‌ಗೆ ಹೋಗದೆ ತಮ್ಮ ಅಧಿಕಾರದಲ್ಲೇ ಒಪ್ಪಂದ ಮಾಡಿಕೊಳ್ಳುತ್ತಾರೆ. ಸಹಿ ಸುಲಭ, ಅಳಿಸುವುದೂ ಅಷ್ಟೇ ಸುಲಭ. ಪ್ಯಾರಿಸ್ ಹವಾಮಾನ ಒಪ್ಪಂದವನ್ನೇ ನೋಡಿ: 2016ರಲ್ಲಿ ಒಬಾಮಾ ಸೇರಿಸಿದರು, 2020ರಲ್ಲಿ ಟ್ರಂಪ್ ಹೊರತಂದರು, 2021ರಲ್ಲಿ ಬೈಡನ್ ಮತ್ತೆ ಸೇರಿಸಿದರು, 2025ರಲ್ಲಿ ಟ್ರಂಪ್ ಮತ್ತೆ ಹೊರಹೋಗಲು ಆದೇಶಿಸಿದರು. ಇದನ್ನು ಬರೀ ಚಂಚಲತೆ ಅನ್ನುವವರು ವ್ಯವಸ್ಥೆಯನ್ನು ಗಮನಿಸಿಲ್ಲ.

ಇದಕ್ಕೆ ಪ್ರತಿಯಾಗಿ, ಭಾರತದ ಜೊತೆಗಿನ ನಾಗರಿಕ ಅಣು ಒಪ್ಪಂದಕ್ಕೆ 2008ರಲ್ಲಿ ಅಲ್ಲಿನ ಎರಡೂ ಸದನಗಳ ಒಪ್ಪಿಗೆ ಸಿಕ್ಕಿತ್ತು; ಅದು ಅಧ್ಯಕ್ಷರೊಬ್ಬರ ಸಹಿಯ ಮೇಲಷ್ಟೇ ನಿಂತಿಲ್ಲ. ಕೋರ್ಸ್ ಆರಿಸುವಾಗ ರಾಜತಂತ್ರದ ಇತಿಹಾಸಕ್ಕಿಂತ ಮೊದಲು ಅಮೆರಿಕದ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಮತ್ತು ಚುನಾವಣೆಗಳ ಕುರಿತ ವಿಷಯವನ್ನು ತೆಗೆದುಕೊಳ್ಳಿ.